ಸೋಮವಾರದಪ್ಪನ ಹೆಸರು

ಇವತ್ತು ಬೆಳಿಗ್ಗೆ ಅಂಗನವಾಡಿ ಟೀಚರೊಬ್ಬರು ಮನೆಮನೆಯ ವಿವರ ಬರೆದುಕೊಳ್ಳಲು ತುಮಕೂರಿನಲ್ಲಿ ನಮ್ಮ ಮರಳೂರಿನ ಬೀದಿಗೆ ಬಂದಿದ್ದರು. ಭಾನುವಾರವೇ ಬಂದರೆ ಎಲ್ಲರೂ ಮನೆಯಲ್ಲಿ ಸಿಗುತ್ತಾರೆ ಎಂಬುದು ಅವರ ಲೆಕ್ಕಾಚಾರ. ಭಾನುವಾರವಾದರೂ ಯಾರ ಕೈಗೂ ಸಿಗದೆ ಮಲಗಿರೋಣ ಎಂಬುದು ನನ್ನದು. ನಾನು ಮುಖ ತೊಳೆದು ಹೊರಗೆ ಬರುವಷ್ಟರಲ್ಲಿ ಅವರು ಬಾಗಿಲ ಬಳಿ ಬಿಸಿಲು ಕಾಯಿಸುತ್ತಾ ಕೂತಿದ್ದ ನಮ್ಮ ದೊಡ್ಡಮ್ಮನನ್ನು ವಿಚಾರಿಸುತ್ತಿದ್ದರು. "ನಿಮ್ ಯಜಮಾನ್ರ ಹೆಸ್ರೇನಜ್ಜಿ?" ದೊಡ್ಡಮ್ಮ ಕತ್ತು ತಿರುಗಿಸಿ ಒಳಗೆ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಕಡೆ ನೋಡಿದಳು. ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು. ಹುಲಿಚರ್ಮದ ಮೇಲೆ ಕಣ್ಣು ಮುಚ್ಚಿ ಕೂತ ಶಿವ, ಅವನ ಕೆಳಗೆ ತಾರೀಕುಗಳು. ಟೀಚರು ಅದನ್ನು ನೋಡಿ, "ತಾರೀಕು ನಾನೇ ಹಾಕ್ಕೋತೀನಿ ಬುಡಿ ಅಜ್ಜಿ, ಹೆಸ್ರು ಹೇಳಿ" ಅಂದರು.

"ಶಿವಣ್ಣ" ಎಂದು ನಾನೇ ಹೇಳಿದೆ. ಅವರು ಬರೆದುಕೊಂಡು ಪಕ್ಕದ ಮನೆಗೆ ಹೋದರು. ದೊಡ್ಡಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮತ್ತೆ ಬಿಸಿಲಿಗೆ ಬೆನ್ನು ಕೊಟ್ಟಳು. ದೊಡ್ಡಪ್ಪ ತೀರಿಕೊಂಡು ಎಷ್ಟೋ ಕಾಲವಾಗಿದೆ. ಈಗ ಅವಳಿಗೆ ಬೆಳಿಗ್ಗೆ ತಿಂದದ್ದು ಇಡ್ಲಿಯೋ ಉಪ್ಪಿಟ್ಟೋ ನೆನಪಿರುವುದಿಲ್ಲ. ನನ್ನನ್ನೇ ಒಂದೊಂದು ಸಲ ನಮ್ಮಮ್ಮ ಅಂದುಕೊಂಡು ಮಾತಾಡಿಸುತ್ತಾಳೆ. ಗಂಡನ ಹೆಸರು ಹೇಳಬಾರದು ಅನ್ನುವುದೊಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ.

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಗುಬ್ಬಿಯಲ್ಲಿ ಬಸ್‌ಸ್ಟ್ಯಾಂಡಿನಿಂದ ಒಳಗೆ ಹೋಗುವ ಒಂದು ರಸ್ತೆಯಲ್ಲಿ ಅವರ ಮನೆ. ಮನೆಯ ಮುಂದಿನ ಕೋಣೆಯೇ ದೊಡ್ಡಪ್ಪನ ಟೈಲರ್ ಅಂಗಡಿ. ದೊಡ್ಡಪ್ಪ ಕತ್ತರಿಸಿ ಹೊಲಿಯುವುದು, ದೊಡ್ಡಮ್ಮ ಹಿಂದುಗಡೆ ಕೂತು ಕಾಜಾ ಹಾಕಿ ಗುಂಡಿ ಕಟ್ಟುವುದು. ಅವರಿಗೆ ಮಕ್ಕಳಾಗಲಿಲ್ಲ. ನಾನು ಪ್ರತಿ ಬೇಸಿಗೆ ರಜೆಯನ್ನೂ ಅಲ್ಲೇ ಕಳೆದವಳು, ಆಮೇಲೆ ತುಮಕೂರಿಗೆ ಬಂದು ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಟೈಪಿಸ್ಟಾದ ಮೇಲೂ ತಿಂಗಳಿಗೊಮ್ಮೆಯಾದರೂ ಹೋಗಿ ಬರುತ್ತಿದ್ದವಳು. ಆ ಮನೆಯಲ್ಲಿ ಗಂಡ ಹೆಂಡತಿ ಜಗಳವಾಡಿದ್ದನ್ನು ನಾನು ನೋಡಿಲ್ಲ. ಜಗಳಕ್ಕೆ ಹೆಸರು ಹಿಡಿದು ಕೂಗಬೇಕಾಗುತ್ತದೆ, ಅದಕ್ಕೇ ಇರಬೇಕು ಎಂದು ನಾನೂ ಆ ಬೀದಿಯ ಹುಡುಗಿಯರೂ ನಗುತ್ತಿದ್ದೆವು.

ಗಂಡನ ಹೆಸರು ಹೇಳದ ಹೆಂಗಸರನ್ನು ನೀವೂ ಬೇಕಾದಷ್ಟು ನೋಡಿರುತ್ತೀರಿ. "ಇವ್ರು", "ನಮ್ಮನೆಯೋರು", "ನಿಮ್ಮಣ್ಣ" ಎಂದು ಹೇಗೋ ಜೀವನ ಸಾಗಿಸಿಬಿಡುತ್ತಾರೆ. ನಮ್ಮ ದೊಡ್ಡಮ್ಮನ ಕಷ್ಟ ಬೇರೆಯದು. ಅವಳ ಗಂಡನ ಹೆಸರಿನಲ್ಲಿ ದೇವರು ಸಿಕ್ಕಿಹಾಕಿಕೊಂಡಿದ್ದ. ನಮ್ಮದು ಎದ್ದರೂ ಕೂತರೂ ಶಿವ ಶಿವ ಅನ್ನುವ ಮನೆತನ. ಆಕಳಿಸಿದರೆ ಶಿವ, ಎಡವಿದರೆ ಶಿವ, ಹಾಲು ಉಕ್ಕಿದರೂ ಶಿವ. ದೊಡ್ಡಮ್ಮ ಹಾಗನ್ನುವಂತಿಲ್ಲ. ಶಿವರಾತ್ರಿಗೆ ಅವಳು ಜಾಗರಣೆ ಹಬ್ಬ ಅನ್ನುತ್ತಿದ್ದಳು. ಶಿವಗಂಗೆ ಬೆಟ್ಟಕ್ಕೆ "ಆ ಬೆಟ್ಟ" ಅನ್ನುತ್ತಿದ್ದಳು. ಯಾವ ಬೆಟ್ಟ ಎಂದರೆ, "ಅದೇ ಕಣೇ, ಹತ್ತಕ್ಕಾಗದೆ ನೀನು ಅತ್ತಿದ್ದೆಯಲ್ಲ, ಅದು" ಎಂದು ನನ್ನ ಮಾನ ಕಳೆಯುತ್ತಿದ್ದಳು. ದೇವರಿಗೆ ಅವಳೇ ಒಂದು ಹೆಸರಿಟ್ಟುಕೊಂಡಿದ್ದಳು, ಸೋಮವಾರದಪ್ಪ ಅಂತ. ಸೋಮವಾರ ಅವನ ವಾರವಲ್ಲವೇ. ಬೆನ್ನು ನೆಟ್ಟಗೆ ಮಾಡಿ ಏಳುವಾಗ "ಸೋಮವಾರದಪ್ಪಾ" ಎಂದು ನಿಟ್ಟುಸಿರು ಬಿಡುತ್ತಿದ್ದಳು.

"ಈಶ್ವರ ಅನ್ನು, ನಂಜುಂಡ ಅನ್ನು, ಮಾದೇವ ಅನ್ನು, ಹೆಸರಿಗೇನು ಬರವಾ?" ಎಂದು ನಾನೊಮ್ಮೆ ಕೇಳಿದ್ದೆ. ಕಾಲೇಜು ಮುಗಿಸಿದ್ದ ಹೊಸತು, ಎಲ್ಲದಕ್ಕೂ ನನ್ನ ಹತ್ತಿರ ಉಪಾಯವಿತ್ತು. ದೊಡ್ಡಮ್ಮ ಹಲ್ಲಿನಲ್ಲಿ ದಾರ ಕಚ್ಚಿ ತುಂಡರಿಸಿ, "ಎಲ್ಲಾ ಒಬ್ನವೇ ಹೆಸ್ರಲ್ವೇನೇ? ಯಾವುದ್ರಲ್ಲಿ ಕರೆದ್ರೂ ಅವ್ನನ್ನೇ ಕರೆದಂಗೆ. ಅವ್ನನ್ನ ಕರೆದ್ರೆ ಇವ್ರನ್ನ ಕರೆದಂಗೆ" ಅಂದಳು. ದೇವರು ಒಬ್ಬನೇ, ನಾಮ ಹಲವು ಎಂದು ದೊಡ್ಡವರು ಗಂಟೆಗಟ್ಟಲೆ ಪ್ರವಚನ ಮಾಡುತ್ತಾರೆ. ಅದನ್ನು ಅಕ್ಷರಶಃ ನಂಬಿ, ನಂಬಿದ್ದಕ್ಕೆ ಇಷ್ಟು ಪೇಚಿಗೆ ಸಿಕ್ಕಿದವರನ್ನು ನಾನು ಬೇರೆ ಕಂಡಿಲ್ಲ.

ಮಂತ್ರದ ವಿಷಯ ಇನ್ನೂ ತೊಡಕಿನದು. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ನಮಃ ಶಿವಾಯ ಅನ್ನಬೇಕು. ಮನೆಗೆ ಪೂಜೆಗೆ ಬರುತ್ತಿದ್ದ ಅಯ್ಯನವರನ್ನೇ ಅವಳು ಕೇಳಿದಳು. "ಬುದ್ಧಿ, ಅದ್ರಾಗೆ ಅವ್ರ ಹೆಸ್ರು ಬತ್ತದಲ್ಲ, ನಾನೇನ್ಮಾಡ್ಲಿ?" ಅಯ್ಯನವರು ಒಳ್ಳೆಯವರು. ಸ್ವಲ್ಪ ಯೋಚಿಸಿ, "ಬಾಯಲ್ಲಿ ಬ್ಯಾಡ ತಾಯಿ, ಮನಸ್ನಲ್ಲೇ ಅನ್ಕೊ" ಅಂದರು. "ಮನಸ್ನಲ್ಲಿ ಅಂದ್ರೂ ಅಂದಂಗೇ ಅಲ್ವಾ ಬುದ್ಧಿ?" ಅಯ್ಯನವರು ವಿಭೂತಿ ಕೊಟ್ಟು ಎದ್ದರು. ಕೊನೆಗೆ ದೊಡ್ಡಮ್ಮ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತಾ ಕೂರುವುದನ್ನು ರೂಢಿ ಮಾಡಿಕೊಂಡಳು. ಒಲೆಯ ಮೇಲೆ ಬೇಳೆ ಬೇಯುವಷ್ಟು ಹೊತ್ತು ಕೂತು, ಕಣ್ಣಿಗೊತ್ತಿಕೊಂಡು ಎದ್ದುಬಿಡುತ್ತಿದ್ದಳು.

ಇದಕ್ಕೆಲ್ಲ ಕಾರಣ ಮರ್ಯಾದೆ ಎಂದು ನಾನು ತಿಳಿದಿದ್ದೆ. ಮರ್ಯಾದೆಯಲ್ಲ, ಭಯ. ಹೆಂಡತಿ ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ಮದುವೆಯ ದಿನ ಯಾರೋ ಅವಳ ಕಿವಿಯಲ್ಲಿ ಹೇಳಿ ಕಳಿಸಿದ್ದರು. ಆಗ ಅವಳು ತೀರಾ ಚಿಕ್ಕವಳು. ಹೇಳಿದವರು ಮನೆಗೆ ಹೋಗಿ ಮರೆತಿರುತ್ತಾರೆ, ಇವಳು ಮರೆಯಲಿಲ್ಲ.

ನಾನಾದರೋ ಗಂಡನನ್ನು ಹೆಸರು ಹಿಡಿದೇ ಕರೆಯುವವಳು. ಮದುವೆಯಾಗಿ ಕುಣಿಗಲ್ಲಿನ ಅತ್ತೆಮನೆಗೆ ಮೊದಲ ಸಲ ಹೋದಾಗ ಅಡುಗೆಮನೆಯಿಂದ "ಪ್ರಕಾಶ್, ಕಾಫಿ" ಎಂದು ಕೂಗಿದೆ. ನಮ್ಮತ್ತೆ ಸೌಟು ಹಿಡಿದುಕೊಂಡೇ ನಿಂತುಬಿಟ್ಟರು. ಅವತ್ತೆಲ್ಲ ಅವರು ಮಗನ ಮುಖವನ್ನು ಮತ್ತೆ ಮತ್ತೆ ನೋಡುತ್ತಿದ್ದರು, ಎಲ್ಲಾದರೂ ಸೊರಗಿದ್ದಾನೋ ಎಂದು. ಅವನು ಸೊರಗಲಿಲ್ಲ, ವರ್ಷವರ್ಷ ದಪ್ಪಗಾದ. ಈಗ ನನಗೂ ವಯಸ್ಸಾಗಿ ಪೂರ್ತಿ ಹೆಸರು ಹೇಳುವಷ್ಟು ಚೈತನ್ಯ ಉಳಿದಿಲ್ಲ. "ರೀ" ಅಂದರೆ ಕೆಲಸ ಮುಗಿಯುತ್ತದೆ.

ಹಾಗೆ ಒಮ್ಮೆ ರಜೆ ಹಾಕಿ ಕುಣಿಗಲ್ಲಿನಲ್ಲಿದ್ದಾಗ ಎದುರುಗಡೆಯ ಎಸ್‌ಟಿಡಿ ಬೂತಿನವರು ಬಂದು ಫೋನಿದೆ ಎಂದು ಕರೆದರು. ತೊಂಬತ್ತರ ದಶಕದ ಮಧ್ಯದ ಮಾತು. ಗುಬ್ಬಿಯಿಂದ ದೊಡ್ಡಪ್ಪನ ಅಂಗಡಿಯ ಪಕ್ಕದ ಸೈಕಲ್ ಶಾಪಿನವರು ಮಾತಾಡುತ್ತಿದ್ದರು. "ನಿಮ್ ದೊಡ್ಡಪ್ಪಂಗೆ ನೆನ್ನೆ ಲಕ್ವ ಹೊಡೀತು ಕಣಮ್ಮ. ಮಿಷಿನ್ ಮೇಲೇ ಒರಗ್ಬುಟ್ಟಿದ್ರು. ತುಮಕೂರು ದೊಡ್ಡಾಸ್ಪತ್ರೆಗೆ ಸೇರ್ಸಿ ಬಂದಿದೀನಿ, ನಿಮ್ ದೊಡ್ಡಮ್ಮ ಒಬ್ರೇ ಅವ್ರೆ, ಬಿರ್ನೆ ಹೋಗಿ." ನಾನು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ. ಹೆಬ್ಬೂರು ದಾಟುವವರೆಗೂ ನಿಂತೇ ಇದ್ದೆ. ಸೀಟು ಸಿಕ್ಕ ಮೇಲೆ ಅಳು ಬಂತು.

ಆಸ್ಪತ್ರೆಯ ಕೌಂಟರಿನಲ್ಲಿ ಶಿವಣ್ಣ ಅಂತ, ಗುಬ್ಬಿಯವರು, ಎಲ್ಲಿದ್ದಾರೆ ಎಂದು ಕೇಳಿದೆ. ಅಲ್ಲಿದ್ದವನು ಪುಸ್ತಕದ ಮೇಲೆ ಬೆರಳಾಡಿಸಿ, "ಶಿವಣ್ಣ ಅಂತ ಯಾರೂ ಇಲ್ವಲ್ಲ ಮೇಡಂ" ಅಂದ. ಇನ್ನೊಂದು ಸಲ ನೋಡಿ ಅಂದೆ. ನೋಡಿದ. ಇಲ್ಲ. ಇಲ್ಲ ಅಂದರೆ ಇನ್ನೇನು ಅರ್ಥ? ತಡವಾಗಿ ಬಂದೆ, ಮುಗಿದುಹೋಗಿದೆ ಎಂದುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ. ಕಾರಿಡಾರಿನ ಕೊನೆಯಿಂದ ಚೊಂಬಿನಲ್ಲಿ ನೀರು ಹಿಡಿದುಕೊಂಡು ದೊಡ್ಡಮ್ಮ ಬರುವುದು ಕಂಡಿತು. ಹತ್ತಿರ ಬಂದು, "ಬಂದ್ಯಾ" ಅಂದಳು, ಅಷ್ಟೇ.

ಒಳಗೆ ದೊಡ್ಡಪ್ಪ ಕಣ್ಣು ಮುಚ್ಚಿ ಮಲಗಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ನರ್ಸೊಬ್ಬಳು ಅವರ ಕೆನ್ನೆ ತಟ್ಟಿ, "ಈಶ್ವರಪ್ಪಾ, ಈಶ್ವರಪ್ಪಾ, ಕಣ್ಬಿಡಿ ನೋಡೋಣ" ಎಂದು ಕೂಗುತ್ತಿದ್ದಳು. ರೆಪ್ಪೆ ಕದಲಲಿಲ್ಲ. ನರ್ಸು ನನ್ನ ಕಡೆ ತಿರುಗಿ, "ನೀವು ಈಶ್ವರಪ್ಪನ ಕಡೆಯೋರಾ? ನೆನ್ನೆಯಿಂದ ಕೂಗ್ತಾನೇ ಇದೀವಿ, ಹೆಸರಿಗೆ ಗುರ್ತೇ ಇಲ್ಲ. ಡಾಕ್ಟ್ರು ಇನ್ನೇನೂ ಮಾಡೋಕಾಗಲ್ಲ, ನಾಳೆ ಮನೆಗೆ ಕರ್ಕೊಂಡೋಗಿ ಅಂದಿದಾರೆ" ಅಂದಳು.

ನಾನು ದೊಡ್ಡಮ್ಮನ ಮುಖ ನೋಡಿದೆ. ಅವಳು ನೆಲ ನೋಡಿದಳು. ನಡೆದದ್ದು ಇಷ್ಟು. ಸೈಕಲ್ ಶಾಪಿನವರು ಗಾಡಿ ನಿಲ್ಲಿಸಲು ಹೋಗಿದ್ದಾಗ ಕೌಂಟರಿನವನು ಹೆಸರು ಕೇಳಿದ್ದಾನೆ. ನಾನು ಹೇಳಬಾರದು ಅಂದಿದ್ದಾಳೆ. ಮತ್ಯಾರು ಹೇಳಬೇಕು ಎಂದು ಅವನು ರೇಗಿದ್ದಾನೆ. ಇವಳು ಅಲ್ಲಿದ್ದ ದೇವರ ಪಟ ತೋರಿಸಿದ್ದಾಳೆ. "ಈಶ್ವರನಾ?" ಅಂದಿದ್ದಾನೆ. ಇವಳು ತಲೆಯಾಡಿಸಿದ್ದಾಳೆ. ಅವನು ತನ್ನ ಕಡೆಯಿಂದ ಒಂದು ಅಪ್ಪ ಸೇರಿಸಿ ಈಶ್ವರಪ್ಪ ಎಂದು ಬರೆದುಕೊಂಡಿದ್ದಾನೆ.

"ಅಲ್ಲ ದೊಡ್ಡಮ್ಮ, ನೆನ್ನೆಯಿಂದ ಬೇರೆ ಹೆಸರಲ್ಲಿ ಕರೀತಿದಾರೆ, ನಿಂಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಬೇರೆ ಎಲ್ಲಿ ಬಂತೇ? ಅವ್ನೇ ಇವ್ನಲ್ವಾ."

ದೇವರಾದರೆ ಯಾವ ಹೆಸರಿಗೂ ಓಗೊಡುತ್ತಾನಂತೆ. ಅಷ್ಟು ಹೆಸರುಗಳನ್ನು ಹೊತ್ತುಕೊಂಡು ಅವನಿಗೆ ಅಭ್ಯಾಸವಾಗಿರಬೇಕು. ನಮ್ಮ ದೊಡ್ಡಪ್ಪ ಗುಬ್ಬಿಯ ಟೈಲರು, ಅವರಿಗಿದ್ದದ್ದು ಒಂದೇ ಹೆಸರು. ಈಶ್ವರಪ್ಪನನ್ನು ಯಾರೋ ಕರೆದರೆ ಅವರೇಕೆ ಕಣ್ಣು ಬಿಡಬೇಕು? ನನಗೆ ನಗು ಬರಬೇಕಿತ್ತು, ಬರಲಿಲ್ಲ. ನರ್ಸಿಗೆ ವಿಷಯ ಹೇಳಿದೆ. ಆ ಹುಡುಗಿ ಒಂದು ಗಳಿಗೆ ನನ್ನನ್ನೂ ದೊಡ್ಡಮ್ಮನನ್ನೂ ನೋಡಿ, ಬಗ್ಗಿ, "ಶಿವಣ್ಣಾ, ಶಿವಣ್ಣಾ" ಅಂದಳು. ರೆಪ್ಪೆ ಸಣ್ಣಗೆ ನಡುಗಿತು.

ಡಾಕ್ಟರು ಬಂದರು. ನನ್ನನ್ನು ಕರೆಯಲು ಹೇಳಿದರು. ನಾನು ದೊಡ್ಡಪ್ಪಾ ಅಂದೆ, ಏನೂ ಆಗಲಿಲ್ಲ. ಅವರು ದೊಡ್ಡಮ್ಮನಿಗೆ, "ನೀವು ಕರೀರಮ್ಮ. ಮನೇಲಿ ದಿನಾ ಕೇಳಿರೋ ದನಿ. ಹೆಸ್ರು ಹಿಡಿದು ಕರೀಬೇಕು" ಅಂದರು. ಅವಳು ಬಗ್ಗಿ, "ಇಲ್ನೋಡಿ" ಅಂದಳು. ಮನೆಯಲ್ಲಿ ಅವಳು ಕರೆಯುತ್ತಿದ್ದದ್ದು ಹಾಗೆಯೇ. ನೆನ್ನೆಯಿಡೀ ಕರೆದದ್ದೂ ಹಾಗೆಯೇ. ಆದರೆ ಆ ವಾರ್ಡಿನಲ್ಲಿ ಎಲ್ಲರೂ ಎಲ್ಲರಿಗೂ ಇಲ್ನೋಡಿ ಅನ್ನುತ್ತಿದ್ದರು. ಡಾಕ್ಟರು ಬೇರೆ ಮಂಚದ ಕಡೆ ಹೋಗುತ್ತಾ, "ಹೆಸರಮ್ಮ, ಹೆಸರು" ಅಂದರು.

ದೊಡ್ಡಮ್ಮ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದಳು. "ನಾನು ಕರೆದ್ರೆ ಅವ್ರ ಆಯಸ್ಸು ಎಷ್ಟು ಹೋಗುತ್ತೆ ಗೊತ್ತಾ ನಿಂಗೆ?"

"ಕರೀದಿದ್ರೆ ಪೂರ್ತಿ ಹೋಗುತ್ತೆ ದೊಡ್ಡಮ್ಮ."

ಅವಳು ಕಿಟಕಿಯ ಸರಳು ಹಿಡಿದು ನಿಂತಳು. ಕೆಳಗೆ ಎಳನೀರಿನ ಗಾಡಿಯವನ ಹತ್ತಿರ ಯಾರೋ ಚೌಕಾಸಿ ಮಾಡುತ್ತಿದ್ದರು. ಆಮೇಲೆ ಒಳಗೆ ಹೋಗಿ, ಸೆರಗನ್ನು ತಲೆಯ ಮೇಲೆ ಹೊದ್ದು, ಗಂಡನ ಕಿವಿಯ ಹತ್ತಿರ ಬಗ್ಗಿ, ಅಂಗಡಿಗೆ ಬಂದ ಹೊಸ ಗಿರಾಕಿಯಂತೆ ಹಿಂಜರಿಯುತ್ತಾ ಕರೆದಳು.

"ಶಿವಣ್ಣೋರೇ."

ದೊಡ್ಡಪ್ಪ ಕಣ್ಣು ಬಿಟ್ಟರು. ಬಿಟ್ಟು, ಅವಳನ್ನು ದಾಟಿ ಆ ಕಡೆ ಈ ಕಡೆ ಹುಡುಕಿದರು. ಆ ಹೆಸರನ್ನು ಆ ದನಿಯಲ್ಲಿ ಅವರು ಯಾವತ್ತೂ ಕೇಳಿರಲಿಲ್ಲ. ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಸರಿದಳು.

ಮನೆಗೆ ಕಳಿಸುವ ಮಾತು ಅಲ್ಲಿಗೆ ನಿಂತಿತು. ಔಷಧಿ ಬದಲಾಯಿತು, ದಿನ ಕಳೆದಂತೆ ಮಾತು ತೊದಲುತ್ತಾ ಮರಳಿತು. ಒಂದು ಮಧ್ಯಾಹ್ನ ಗಂಜಿ ಕುಡಿಯುತ್ತಾ ದೊಡ್ಡಪ್ಪ, "ಅವತ್ತು ಯಾರೋ ಗಿರಾಕಿ ಕರೆದಂಗಾಯ್ತು. ಯಾರೇ ಅದು?" ಎಂದು ಹೆಂಡತಿಯನ್ನು ಕೇಳಿದರು. ದೊಡ್ಡಮ್ಮ ನನ್ನ ಕಡೆ ಒಂದು ನೋಟ ಬೀರಿ, "ನರ್ಸಮ್ಮ ಕಣ್ರೀ" ಅಂದಳು. ನಾನು ಹೌದು ಎಂದು ತಲೆಯಾಡಿಸಿದೆ.

ಆಮೇಲೆ ಅವರು ಕೆಲವು ವರ್ಷ ಇದ್ದರು. ಬಲಗೈ ಬರಲಿಲ್ಲ, ಕತ್ತರಿ ಹಿಡಿಯಲಾಗಲಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಅಳತೆ ಹೇಳುತ್ತಿದ್ದರು, ದೊಡ್ಡಮ್ಮ ಕತ್ತರಿಸಿ ಹೊಲಿಯುತ್ತಿದ್ದಳು. ನೋಡಿದವರಿಗೆ ಒಳ್ಳೆಯ ಕಾಲವೇ. ಆದರೆ ಅವರಿಗೆ ಒಂದು ಕೆಮ್ಮು ಬಂದರೂ ದೊಡ್ಡಮ್ಮನ ಮುಖ ಕಪ್ಪಿಡುತ್ತಿತ್ತು. ಒಳಗೊಳಗೇ ಅವಳು ಅವರ ಆಯಸ್ಸಿನಿಂದ ಎಷ್ಟು ಹೋಯಿತೆಂದು ಕಳೆದು ನೋಡುತ್ತಿದ್ದಾಳೆ ಎಂಬುದು ನನಗೊಬ್ಬಳಿಗೆ ಗೊತ್ತಿತ್ತು. ಅವರು ತೀರಿಕೊಂಡ ದಿನ ಜನರೆಲ್ಲ ಹೋದ ಮೇಲೆ ಹೇಳಿದಳು. "ಅವತ್ತು ನಾನು ಬಾಯಿ ಬುಟ್ಟೆ ಕಣೇ. ಇಲ್ದಿದ್ರೆ ಇನ್ನೂ ಇರ್ತಿದ್ರು."

ನೀನು ಕರೆದದ್ದಕ್ಕೇ ಇಷ್ಟು ವರ್ಷ ಇದ್ದರು ಎಂದು ನಾನು ಹೇಳಿದೆ. ಮುಂದೆ ಎಷ್ಟೋ ಸಲ ಹೇಳಿದೆ. ಅವಳು ಬೇಡ ಅನ್ನದೆ ಕೇಳಿಸಿಕೊಳ್ಳುತ್ತಿದ್ದಳು, ಕೇಳಿಸಿಕೊಂಡು ಮತ್ತೆ ಅದೇ ಮಾತಿಗೆ ಬರುತ್ತಿದ್ದಳು. ಕೊನೆಕೊನೆಗೆ ನನಗೂ ಸಾಕಾಯಿತು. ನಿಜ ಹೇಳುತ್ತೇನೆ, ಇನ್ನೊಬ್ಬರ ಎದೆಯೊಳಗಿನ ತಪ್ಪನ್ನು ಹೊರಗಿನಿಂದ ತೆಗೆಯಲು ಹೋಗಿ ನಾನು ಸೋತಿದ್ದೇನೆ.

ತಿಥಿ ಕಾರ್ಯಕ್ಕೆ ಬಂದ ಅಯ್ಯನವರು, ಅವರೂ ಆಗ ಹಣ್ಣಾಗಿದ್ದರು, "ಇನ್ನು ಅಡ್ಡಿಯಿಲ್ಲ ತಾಯಿ, ಬಾಯ್ತುಂಬಾ ನಮಃ ಶಿವಾಯ ಅನ್ನು" ಎಂದರು. ಒಂದು ಉಪಕಾರ ಮಾಡಿದ ಸಮಾಧಾನ ಅವರ ಮುಖದಲ್ಲಿತ್ತು. ದೊಡ್ಡಮ್ಮ ಕೈ ಮುಗಿದು, "ಬ್ಯಾಡ ಬುದ್ಧಿ. ಒಂದ್ಸಲ ಅಂದಿದ್ದೇ ಸಾಕು" ಅಂದಳು. ಯಾವಾಗ ಅಂದಳು, ಯಾಕೆ ಸಾಕು, ಅವರಿಗೆ ತಿಳಿಯಲಿಲ್ಲ. ನಾಮ ನುಡಿದರೆ ಪಾಪ ಕಳೆಯುತ್ತದೆ ಎಂದು ಅವರು ಎಲ್ಲರಿಗೂ ಹೇಳಿಕೊಡುತ್ತಿದ್ದರು. ಅದೇ ನಾಮ ನುಡಿದು ಪಾಪ ಕಟ್ಟಿಕೊಂಡೆ ಎಂದು ನಂಬಿದವಳಿಗೆ ಅವರಾದರೂ ಏನು ಹೇಳಿಯಾರು?

ಗುಬ್ಬಿಯ ಮನೆಯನ್ನು ಬಿಡಿಸಿ ನಾನು ಅವಳನ್ನು ಮರಳೂರಿಗೆ ಕರೆದುಕೊಂಡು ಬಂದೆ. ಹೊತ್ತುಹೊತ್ತಿಗೆ ಮಾತ್ರೆ, ಸ್ನಾನ, ಒದ್ದೆಯಾದ ಹಾಸಿಗೆ. ಬೆಳಿಗ್ಗೆ ಎದ್ದು ಇದನ್ನೆಲ್ಲ ಮುಗಿಸಿ ಅಂತರಸನಹಳ್ಳಿಯ ಬಸ್ಸು ಹಿಡಿದು, ಸಂಜೆ ಬಂದು ಮತ್ತೆ ಶುರು ಮಾಡುವುದು. ಅವಳನ್ನು ಕಂಡರೆ ಪ್ರೀತಿಯಿದೆ. ಸುಸ್ತೂ ಇದೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡುವಷ್ಟು ಬಿಡುವು ಸಿಕ್ಕಿಲ್ಲ. ಭಕ್ತಿ ಗಿಕ್ತಿ ನನಗೆ ಅಷ್ಟಾಗಿ ಹತ್ತಲಿಲ್ಲ. ನನ್ನ ಬಾಯಲ್ಲಿ ದೇವರ ಹೆಸರು ಬರುವುದು ಕೂರುವಾಗ ಮತ್ತು ಏಳುವಾಗ.

ಇವತ್ತೂ ಹಾಗೇ ಆಯಿತು. ಟೀಚರು ಹೋದ ಮೇಲೆ ದೊಡ್ಡಮ್ಮನನ್ನು ಒಳಗೆ ಮಲಗಿಸಿ, ಬಟ್ಟೆ ಒಗೆದು, ನೆಲ ಒರೆಸಿ, ಬಕೆಟ್ಟು ಬಾಗಿಲಾಚೆ ಇಟ್ಟು ಹೊಸ್ತಿಲ ಮೇಲೆ ಕುಸಿದೆ. ಸೊಂಟ ಹಿಡಿದುಕೊಂಡಿತ್ತು. ಪ್ರಕಾಶ್ ಹೊರಗೆ ಹೋಗಿದ್ದಾನೆ, ದೊಡ್ಡಮ್ಮನಿಗೆ ನಿದ್ದೆ ಹತ್ತಿದೆ ಎಂದುಕೊಂಡು ಗಟ್ಟಿಯಾಗಿಯೇ, "ಶಿವಪ್ಪಾ" ಅಂದೆ.

ಒಳಗಿನ ಕೋಣೆಯಿಂದ ನಿದ್ದೆಗಣ್ಣಿನ ದನಿ ಬಂತು. "ಬಂದ್ರು, ಇರಿ."

ಗುಬ್ಬಿಯಲ್ಲಿ ದೊಡ್ಡಪ್ಪ ಊಟಕ್ಕೆ ಕೂತಾಗ ಯಾರಾದರೂ ಅಂಗಡಿಯ ಮುಂದೆ ನಿಂತು ಶಿವಣ್ಣಾ ಎಂದು ಕೂಗಿದರೆ, ಅಡುಗೆಮನೆಯಿಂದ ಅವಳು ಹೀಗೇ ಹೇಳುತ್ತಿದ್ದಳು. ನಾನು ಎದ್ದು ಹೋಗಿ, ನಾನು ಕಣೇ, ಸುಮ್ಮನೆ ಅಂದದ್ದು, ಮಲಗು ಎನ್ನಬಹುದಿತ್ತು. ಏಳಲು ಮನಸ್ಸಾಗಲಿಲ್ಲ. ಎಷ್ಟೋ ವರ್ಷದಿಂದ ಆ ಹೆಸರನ್ನು ದಿನಕ್ಕೆ ಹತ್ತಾರು ಸಲ ಎಸೆದಿದ್ದೇನೆ. ಒಳಗಿನಿಂದ ಒಬ್ಬರು ಉತ್ತರ ಕೊಟ್ಟದ್ದು ಇದೇ ಮೊದಲು. ಅವಳ ದನಿಯಲ್ಲಿ ದುಃಖವಿರಲಿಲ್ಲ, ಭಯವಿರಲಿಲ್ಲ. ಅವರು ಕೈ ತೊಳೆಯುತ್ತ ಇದ್ದಾರೆ, ಇನ್ನೇನು ಬಂದುಬಿಡುತ್ತಾರೆ ಅನ್ನುವಂತಿತ್ತು.

"ಪರವಾಗಿಲ್ಲ, ನಿಧಾನಕ್ಕೆ ಬರ್ಲಿ" ಅಂದೆ. "ಕೂತಿರ್ತೀನಿ."